ಹೊಗೆ ಕಳೆದ ಕೌಂಟ್ ರಮ್‌ಫೋರ್ಡ್: ಮನೆ ಒಪ್ಪಿದ ಒಲೆ, ಮನೆ ಒಪ್ಪದ ಒಲೆ

ಅದು 1795-96ರ ಚಳಿಗಾಲ. ಲಂಡನ್ ನಗರದ ಆಕಾಶವನ್ನು ಕಲ್ಲಿದ್ದಲಿನ ಹೊಗೆ ಕವಿದಿತ್ತು. ಹೊರಗಿನ ಹೊಗೆ ಸಾಲದೆಂಬಂತೆ ಮನೆಗಳ ಒಳಗೂ ಹೊಗೆ. ಸಿರಿವಂತರ ದಿವಾನಖಾನೆಗಳಲ್ಲಿ ಅಗ್ಗಿಷ್ಟಿಕೆಯ ಎದುರು ಕುಳಿತವರಿಗೆ ಮುಖ ಸುಡುತ್ತಿತ್ತು, ಬೆನ್ನು ಚಳಿಗೆ ನಡುಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಬಂಡಿಗಟ್ಟಲೆ ಇದ್ದಲು ಸುಟ್ಟರೂ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ಅಂತಹ ಮನೆಗಳಿಗೆ ಬವೇರಿಯಾದಿಂದ ಬಂದಿದ್ದ ನಡುವಯಸ್ಸಿನ ಗಂಭೀರ ವ್ಯಕ್ತಿಯೊಬ್ಬ ಆಹ್ವಾನಿತನಾಗಿ ಹೋಗುತ್ತಿದ್ದ. ಅಗ್ಗಿಷ್ಟಿಕೆಯ ಬಾಯನ್ನು ಅಳೆದು, ಗಾರೆ ಕೆಲಸದವರನ್ನು ಕರೆಸಿ, ಒಂದಷ್ಟು ಇಟ್ಟಿಗೆ ಮತ್ತು ಗಾರೆಯಿಂದ ಅದರ ಒಳಮೈಯನ್ನು ತಿದ್ದಿಸುತ್ತಿದ್ದ. ಮತ್ತೆ ಬೆಂಕಿ ಹೊತ್ತಿಸಿದಾಗ ಹೊಗೆ ನೇರವಾಗಿ ಮೇಲೇರಿ ಹೋಗುತ್ತಿತ್ತು, ಕೋಣೆ ಬೆಚ್ಚಗಾಗುತ್ತಿತ್ತು, ಇದ್ದಲಿನ ಖರ್ಚು ಇಳಿಯುತ್ತಿತ್ತು.

ಆತನೇ ಬೆಂಜಮಿನ್ ಥಾಮ್ಸನ್, ಅರ್ಥಾತ್ ಕೌಂಟ್ ರಮ್‌ಫೋರ್ಡ್. ಉಷ್ಣವೆಂಬುದು ವಸ್ತುವಲ್ಲ, ಚಲನೆಯ ಒಂದು ರೂಪ ಎಂದು ಪ್ರಯೋಗದ ಮೂಲಕ ವಾದಿಸಿದ ವಿಜ್ಞಾನಿಯೆಂದು ಭೌತಶಾಸ್ತ್ರದ ಪಠ್ಯಗಳು ಆತನನ್ನು ನೆನೆಯುತ್ತವೆ. ಆದರೆ ಆತನ ಬದುಕಿನ ದೊಡ್ಡ ಭಾಗ ಕಳೆದದ್ದು ಒಲೆ, ಬೂದಿ, ಗಂಜಿ, ಬಾಣಲೆಗಳ ನಡುವೆ. ಅಡುಗೆಮನೆಯ ಬೆಂಕಿಯನ್ನು ಅಳತೆ ಮತ್ತು ಲೆಕ್ಕಾಚಾರಕ್ಕೆ ಒಳಪಡಿಸಿದ ಮೊದಲಿಗರಲ್ಲಿ ಆತ ಒಬ್ಬ. ಆತ ತಿದ್ದಿದ ಅಗ್ಗಿಷ್ಟಿಕೆ ಮನೆಮನೆಗೆ ಹಬ್ಬಿತು. ಅದಕ್ಕಿಂತ ಹೆಚ್ಚು ಶ್ರಮಪಟ್ಟು ರೂಪಿಸಿದ ಅಡುಗೆ ಒಲೆ ಮಾತ್ರ ಸಾಮಾನ್ಯರ ಮನೆಯ ಹೊಸಿಲಲ್ಲೇ ನಿಂತಿತು. ಎರಡಕ್ಕೂ ಆಧಾರವಾದ ವಿಜ್ಞಾನ ಒಂದೇ, ಕರ್ತೃವೂ ಒಬ್ಬನೇ. ಹಾಗಿದ್ದೂ ಫಲ ಬೇರೆಯಾದದ್ದೇಕೆ ಎಂಬ ಪ್ರಶ್ನೆ ಇನ್ನೂರು ವರ್ಷಗಳ ಬಳಿಕವೂ ಹಳತಾಗಿಲ್ಲ.

ಹಳ್ಳಿಯ ಹುಡುಗ, ಓಡಿಹೋದ ಗಂಡ

ಬೆಂಜಮಿನ್ ಥಾಮ್ಸನ್ ಜನಿಸಿದ್ದು 1753ರ ಮಾರ್ಚ್ 26ರಂದು, ಅಂದು ಬ್ರಿಟಿಷ್ ವಸಾಹತಾಗಿದ್ದ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ವೋಬರ್ನ್ ಎಂಬ ಊರಿನ ರೈತ ಕುಟುಂಬದಲ್ಲಿ. ಹಾಲುಗಲ್ಲದ ವಯಸ್ಸಿನಲ್ಲೇ ತಂದೆ ತೀರಿಕೊಂಡರು, ತಾಯಿ ಮರುಮದುವೆಯಾದಳು. ಹದಿಮೂರನೆಯ ವಯಸ್ಸಿನಲ್ಲಿ ಸೇಲಂ ಪಟ್ಟಣದ ವ್ಯಾಪಾರಿಯೊಬ್ಬನ ಅಂಗಡಿಗೆ ಕೆಲಸ ಕಲಿಯಲು ಸೇರಿದ ಹುಡುಗನ ಲಕ್ಷ್ಯ ಅಂಗಡಿಯ ಲೆಕ್ಕಕ್ಕಿಂತ ಪ್ರಯೋಗಗಳ ಮೇಲೆಯೇ ಇತ್ತು. ಬಾಣಬಿರುಸು ತಯಾರಿಸಲು ಹೋಗಿ ಮೈ ಸುಟ್ಟುಕೊಂಡದ್ದೂ ಉಂಟು. ಮುಂದೆ ಗೆಳೆಯ ಲೊಆಮಿ ಬಾಲ್ಡ್‌ವಿನ್‌ನ ಜೊತೆ ಮೈಲಿಗಟ್ಟಲೆ ನಡೆದು ಹೋಗಿ ಹಾರ್ವರ್ಡ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಜಾನ್ ವಿಂತ್ರಾಪ್‌ನ ವಿಜ್ಞಾನ ಉಪನ್ಯಾಸಗಳನ್ನು ಕೇಳುತ್ತಿದ್ದ.

1772ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್ ಪಟ್ಟಣಕ್ಕೆ ಶಾಲಾ ಉಪಾಧ್ಯಾಯನಾಗಿ ಬಂದ ಹತ್ತೊಂಬತ್ತರ ತರುಣ, ತನಗಿಂತ ಹತ್ತು ವರ್ಷಕ್ಕೂ ಹಿರಿಯಳಾದ ಶ್ರೀಮಂತ ವಿಧವೆ ಸಾರಾಳನ್ನು ವರಿಸಿದ. ಆ ಊರಿನ ಹಳೆಯ ಹೆಸರು ರಮ್‌ಫೋರ್ಡ್. ಮದುವೆಯೊಂದಿಗೆ ಆಸ್ತಿ ಬಂತು, ಗವರ್ನರನ ಸ್ನೇಹ ಬಂತು, ಪ್ರಾಂತೀಯ ಸೇನೆಯಲ್ಲಿ ಮೇಜರ್ ಪದವಿಯೂ ಬಂತು. 1774ರಲ್ಲಿ ಮಗಳು ಹುಟ್ಟಿದಳು. ಅವಳ ಹೆಸರೂ ಸಾರಾ.

ಅಷ್ಟರಲ್ಲಿ ವಸಾಹತುಗಳಲ್ಲಿ ಸ್ವಾತಂತ್ರ್ಯದ ಕಿಚ್ಚು ಹೊತ್ತಿತ್ತು. ಥಾಮ್ಸನ್ ದೊರೆಯ ಪಕ್ಷದವನೆಂಬ ಶಂಕೆ ಊರವರಲ್ಲಿ ಬಲವಾಗಿತ್ತು. ಗುಂಪು ಮನೆಗೆ ನುಗ್ಗುವ ಮೊದಲೇ ಆತ ಹೆಂಡತಿ ಮತ್ತು ಹಸುಗೂಸನ್ನು ಬಿಟ್ಟು ಪರಾರಿಯಾದ. ಊರವರ ಶಂಕೆ ಸುಳ್ಳಾಗಿರಲಿಲ್ಲ. ಆತ ಬ್ರಿಟಿಷ್ ಸೇನೆಗೆ ಗುಪ್ತ ವರ್ತಮಾನ ಒದಗಿಸುತ್ತಿದ್ದನೆಂಬುದು ಮುಂದೆ ಪತ್ರಗಳಿಂದ ಖಚಿತವಾಯಿತು. 1776ರಲ್ಲಿ ಲಂಡನ್ ಸೇರಿದ ಆತ ಹೆಂಡತಿಯ ಮುಖವನ್ನು ಮತ್ತೆಂದೂ ನೋಡಲಿಲ್ಲ. ಆಕೆ 1792ರಲ್ಲಿ ತೀರಿಕೊಂಡಳು.

ಲಂಡನ್ನಿನಲ್ಲಿ ಆತನ ಏಳಿಗೆ ವೇಗವಾಗಿ ನಡೆಯಿತು. ಸಿಡಿಮದ್ದಿನ ಬಗೆಗಿನ ಪ್ರಯೋಗಗಳ ಬಲದಿಂದ 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಮರುವರ್ಷ ಸರ್ಕಾರದಲ್ಲಿ ಉಪಕಾರ್ಯದರ್ಶಿಯ ಹುದ್ದೆ ಪಡೆದ. ಯುದ್ಧದ ಕೊನೆಯ ದಿನಗಳಲ್ಲಿ ಅಶ್ವದಳವೊಂದರ ನಾಯಕನಾಗಿ ಅಮೆರಿಕಕ್ಕೆ ಮರಳಿದ ಆತ, ಲಾಂಗ್ ಐಲೆಂಡಿನ ಹಂಟಿಂಗ್ಟನ್ ಊರಿನ ಸ್ಮಶಾನದ ಮೇಲೆಯೇ ಕೋಟೆ ಕಟ್ಟಿಸಿದ. ಅಲ್ಲಿನ ಸಮಾಧಿಗಲ್ಲುಗಳನ್ನು ಸೈನಿಕರು ರೊಟ್ಟಿ ಸುಡುವ ಭಟ್ಟಿಗೆ ಬಳಸಿದರೆಂದೂ, ಭಟ್ಟಿಯಿಂದ ಹೊರಬಂದ ರೊಟ್ಟಿಗಳ ಮೇಲೆ ಸತ್ತವರ ಹೆಸರುಗಳು ತಿರುವುಮುರುವಾಗಿ ಅಚ್ಚೊತ್ತಿರುತ್ತಿದ್ದವೆಂದೂ ಆ ಊರಿನವರು ತಲೆಮಾರುಗಳ ಕಾಲ ಹೇಳಿಕೊಂಡು ಬಂದರು. ಮುಂದೆ ಬಡವರ ಹಸಿವಿಗಾಗಿ ಒಲೆಗಳನ್ನು ಕಟ್ಟಲಿದ್ದ ಮನುಷ್ಯನ ಬಗ್ಗೆ ತಾಯ್ನಾಡು ಉಳಿಸಿಕೊಂಡ ನೆನಪು ಇದು.

ಮ್ಯೂನಿಕ್ಕಿನ ಗಂಜಿಮನೆ

1784ರಲ್ಲಿ ಬ್ರಿಟಿಷ್ ದೊರೆ ಮೂರನೆಯ ಜಾರ್ಜ್‌ನಿಂದ ನೈಟ್ ಪದವಿ ಪಡೆದ ಥಾಮ್ಸನ್, ಬವೇರಿಯಾದ ಪ್ರಭು ಕಾರ್ಲ್ ಥಿಯೋಡರ್‌ನ ಆಸ್ಥಾನ ಸೇರಿದ. ಅಲ್ಲಿ ಕಳೆದ ಹನ್ನೊಂದು ವರ್ಷಗಳು ಆತನ ಬದುಕಿನ ಅತ್ಯಂತ ಫಲವತ್ತಾದ ಕಾಲ. ಸೇನೆಯ ಸುಧಾರಣೆ ಆತನ ಪಾಲಿಗೆ ಬಂತು. ಸೈನಿಕನಿಗೆ ಕಡಿಮೆ ಖರ್ಚಿನಲ್ಲಿ ಬೆಚ್ಚಗಿನ ಬಟ್ಟೆ ಮತ್ತು ಹೊಟ್ಟೆ ತುಂಬುವ ಊಟ ಕೊಡುವುದು ಹೇಗೆ ಎಂಬ ಆಡಳಿತದ ಪ್ರಶ್ನೆಯನ್ನು ಆತ ವಿಜ್ಞಾನದ ಪ್ರಶ್ನೆಯನ್ನಾಗಿ ಮಾಡಿಕೊಂಡ. ಉಣ್ಣೆ, ತುಪ್ಪಳ, ಗರಿಗಳು ಬೆಚ್ಚಗಿಡುವುದು ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ ಎಂದು ಕಂಡುಕೊಂಡ. ಉಷ್ಣದ ಕುರಿತಾದ ಈ ಸಂಶೋಧನೆಗಳಿಗೆ 1792ರಲ್ಲಿ ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕ ನೀಡಿತು.

ಆಗ ಮ್ಯೂನಿಕ್ ನಗರದಲ್ಲಿ ಭಿಕ್ಷುಕರ ಹಾವಳಿ ವಿಪರೀತವಾಗಿತ್ತು. 1790ರ ಜನವರಿ 1ರಂದು, ಹೊಸವರ್ಷದ ದಾನಕ್ಕಾಗಿ ಭಿಕ್ಷುಕರೆಲ್ಲ ಬೀದಿಗೆ ಬರುವ ದಿನವೇ, ಥಾಮ್ಸನ್ ಸೈನಿಕರನ್ನು ನಿಯೋಜಿಸಿ ಅವರನ್ನು ಹಿಡಿಸಿದ. ಆತನ ದಾಖಲೆಯ ಪ್ರಕಾರ ಒಂದೇ ವಾರದಲ್ಲಿ 2,600ಕ್ಕೂ ಹೆಚ್ಚು ಜನರ ಹೆಸರು ನೋಂದಣಿಯಾಯಿತು. ಅವರಿಗೆ ಶಿಕ್ಷೆಯಾಗಲಿಲ್ಲ, ನೂಲುವ, ನೇಯುವ ಕೆಲಸ, ಕೂಲಿ ಮತ್ತು ಬಿಸಿಯೂಟ ಸಿಕ್ಕಿತು. ಹಿಡಿದು ತಂದು ಉದ್ಧರಿಸುವ ಈ ವಿಧಾನದಲ್ಲಿ ಆತನ ಸ್ವಭಾವವೇ ಕಾಣುತ್ತದೆ. ಜನರಿಗೆ ಯಾವುದು ಹಿತವೆಂಬುದು ಅವರಿಗಿಂತ ತನಗೇ ಚೆನ್ನಾಗಿ ಗೊತ್ತೆಂದು ಆತ ನಂಬಿದ್ದ.

ಆ ದುಡಿಮೆಯ ಮನೆಯ ಅಡುಗೆಕೋಣೆಯೇ ಆತನ ಪ್ರಯೋಗಶಾಲೆಯಾಯಿತು. ದಿನಕ್ಕೆ ಸಾವಿರ ಜನರಿಗೆ ಊಟ ಬೇಯಬೇಕು, ಸೌದೆಗೆ ಹಣವಿಲ್ಲ. ತೆರೆದ ಬೆಂಕಿಯ ಮೇಲೆ ಪಾತ್ರೆ ತೂಗುಹಾಕುವ ಪದ್ಧತಿಯಲ್ಲಿ ಶಾಖದ ಬಹುಪಾಲು ಗಾಳಿಗೂ ಗೋಡೆಗೂ ಅಡುಗೆಯವರ ಮುಖಕ್ಕೂ ಹೋಗುತ್ತದೆಯೇ ಹೊರತು ಪಾತ್ರೆಗೆ ಸೇರುವುದು ಅಲ್ಪ ಎಂದು ಆತ ಅಳೆದು ತೋರಿಸಿದ. ಆದ್ದರಿಂದ ಬೆಂಕಿಯನ್ನು ಇಟ್ಟಿಗೆಯ ಗೂಡಿನೊಳಗೆ ಮುಚ್ಚಿದ. ಉರಿಯ ಕೆಳಗೆ ಕಬ್ಬಿಣದ ಜಾಲರಿ ಇಟ್ಟು ಗಾಳಿ ಅಡಿಯಿಂದ ಬರುವಂತೆ ಮಾಡಿದ. ಬೂದಿಗೂಡಿಗೆ ಬಾಗಿಲಿಟ್ಟು ಗಾಳಿಯ ಪ್ರಮಾಣವನ್ನು ಹೆಚ್ಚು-ಕಡಿಮೆ ಮಾಡುವ ಏರ್ಪಾಡು ಮಾಡಿದ. ಪಾತ್ರೆಯನ್ನು ಗೂಡಿನೊಳಕ್ಕೆ ಇಳಿಸಿ, ಬಿಸಿಹೊಗೆ ಅದರ ಮೈ ಸುತ್ತಿಕೊಂಡೇ ಹೊಗೆಗೂಡಿಗೆ ಹೋಗುವಂತೆ ದಾರಿ ಕೊರೆದ. ಕೊನೆಗೆ ಸಾವಿರ ಜನರ ಅಡುಗೆಗೆ ತಗಲುತ್ತಿದ್ದ ಸೌದೆಯ ಖರ್ಚು ದಿನಕ್ಕೆ ನಾಲ್ಕೂವರೆ ಪೆನ್ನಿಗೆ ಇಳಿಯಿತೆಂದು ಆತ ಲೆಕ್ಕ ಕೊಟ್ಟಿದ್ದಾನೆ. ಇಂದಿನ ಯಾವುದೇ ಸುಧಾರಿತ ಸೌದೆ ಒಲೆಯನ್ನು ಬಿಚ್ಚಿ ನೋಡಿದರೂ ಈ ತತ್ತ್ವಗಳೇ ಸಿಗುತ್ತವೆ.

ಆ ಒಲೆಯ ಮೇಲೆ ಬೇಯುತ್ತಿದ್ದದ್ದು ಬಾರ್ಲಿ, ಬಟಾಣಿ, ಆಲೂಗಡ್ಡೆ ಸೇರಿದ, ಹುಳಿ ಬೆರೆಸಿದ ಗಟ್ಟಿ ಗಂಜಿ. ಮುಂದೆ ಯುರೋಪಿನಾದ್ಯಂತ ಅದು ರಮ್‌ಫೋರ್ಡ್ ಸೂಪ್ ಎಂದೇ ಹೆಸರಾಯಿತು. ಆಲೂಗಡ್ಡೆಯೆಂದರೆ ಅಂದಿನ ಬವೇರಿಯಾದ ಬಡವರಿಗೆ ಅಸಹ್ಯ. ಆದುದರಿಂದ ಆರಂಭದಲ್ಲಿ ಅದನ್ನು ಗುಟ್ಟಾಗಿ, ಗುರುತು ಸಿಗದಂತೆ ಕರಗುವವರೆಗೆ ಬೇಯಿಸಲಾಯಿತು. ರುಚಿ ಹತ್ತಿದ ಮೇಲೆ ಗುಟ್ಟು ಬಯಲಾದರೂ ಯಾರೂ ಬೇಡವೆನ್ನಲಿಲ್ಲ. ತಿನ್ನುವವರ ನಾಲಿಗೆಯನ್ನು ಗೆಲ್ಲದೆ ಯಾವ ಸುಧಾರಣೆಯೂ ನಿಲ್ಲದೆಂಬ ಅರಿವು ಆತನಿಗೆ ಇತ್ತು.

ಇದೇ ಗಂಜಿಮನೆಯಲ್ಲಿ ವಿಜ್ಞಾನವೂ ದೊರಕಿತು. ಒಮ್ಮೆ ಬಿಸಿ ಗಂಜಿಯನ್ನು ಆರಲು ಬಿಟ್ಟು ಬಹಳ ಹೊತ್ತಿನ ನಂತರ ಮೇಲಿನ ಚಮಚ ಬಾಯಿಗಿಟ್ಟರೆ ಅದು ತಣ್ಣಗಿತ್ತು. ಆಳದಿಂದ ತೆಗೆದ ಚಮಚ ನಾಲಿಗೆ ಸುಟ್ಟಿತು. ತೆಳ್ಳನೆಯ ನೀರು ಬೇಗ ಆರುವುದೂ ಗಟ್ಟಿ ಗಂಜಿ ಆರದಿರುವುದೂ ಏಕೆಂದು ಯೋಚಿಸಿದ ಆತ, ದ್ರವದೊಳಗಿನ ಹರಿವೇ ಶಾಖವನ್ನು ಹೊತ್ತೊಯ್ಯುತ್ತದೆಂಬ ತೀರ್ಮಾನಕ್ಕೆ ಬಂದ. 1791ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಕೌಂಟ್ ಪದವಿ ದೊರೆತಾಗ ಆತ ಆರಿಸಿಕೊಂಡ ಹೆಸರು ರಮ್‌ಫೋರ್ಡ್: ತಾನು ತೊರೆದು ಬಂದ ಹೆಂಡತಿಯ ಊರಿನ ಹೆಸರು.

ಬಾಯಿ ಕಿರಿದಾದ ಅಗ್ಗಿಷ್ಟಿಕೆ

ಲಂಡನ್ನಿಗೆ ಬಂದ ರಮ್‌ಫೋರ್ಡ್ ಅಲ್ಲಿನ ಅಗ್ಗಿಷ್ಟಿಕೆಗಳನ್ನು ಪರೀಕ್ಷಿಸಿದಾಗ ದೋಷ ತಕ್ಷಣ ಕಂಡಿತು. ಗೂಡುಗಳು ಅತಿ ಆಳ. ಹೊಗೆಗೂಡಿನ ಕೊರಳು ಅತಿ ಅಗಲ. ಬೆಂಕಿಯ ಶಾಖ ಹೊಗೆಯೊಡನೆ ಮೇಲೇರಿ ಹೋಗುತ್ತಿತ್ತು. ಅದರ ಜೊತೆ ಕೋಣೆಯ ಬೆಚ್ಚನೆಯ ಗಾಳಿಯೂ ಹೋಗುತ್ತಿತ್ತು. ಮೇಲಿನಿಂದ ತಣ್ಣನೆಯ ಗಾಳಿ ಇಳಿದು ಹೊಗೆಯನ್ನು ಮರಳಿ ಕೋಣೆಗೆ ತಳ್ಳುತ್ತಿತ್ತು. ಆತ ಗೂಡಿನ ಆಳವನ್ನು ಕಡಿಮೆ ಮಾಡಿದ. ಪಕ್ಕದ ಗೋಡೆಗಳನ್ನು ಓರೆಯಾಗಿಸಿ ಶಾಖ ಕೋಣೆಯತ್ತ ಪ್ರತಿಫಲಿಸುವಂತೆ ಮಾಡಿದ. ಹೊಗೆಗೂಡಿನ ಕೊರಳನ್ನು ಸುಮಾರು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಿ, ಎದುರಿನ ಅಂಚನ್ನು ದುಂಡಾಗಿಸಿದ.

ಇಷ್ಟೇ ಮದ್ದು. ಲಾರ್ಡ್ ಪಾಮರ್‌ಸ್ಟನ್‌ನಂಥವರ ಮನೆಗಳಿಂದ ಆರಂಭವಾದ ಈ ಮಾರ್ಪಾಡು ಕೆಲವೇ ವರ್ಷಗಳಲ್ಲಿ ಸಾಗರದಾಚೆಗೂ ಹಬ್ಬಿತು. ತನ್ನ ಕೈಯಡಿಯಲ್ಲಿ ಐನೂರಕ್ಕೆ ಕಡಿಮೆಯಿಲ್ಲದಷ್ಟು ಗೂಡುಗಳು ಸರಿಯಾಗಿವೆಯೆಂದು ಆತ ಬರೆದುಕೊಂಡ. 1800ರಲ್ಲಿ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ, ಕೋಟಿನ ಬಾಲ ಎತ್ತಿ ಬೆಂಕಿಗೆ ಬೆನ್ನೊಡ್ಡಿ ನಿಂತ ರಮ್‌ಫೋರ್ಡ್‌ನನ್ನು ಚಿತ್ರಿಸಿ ನಗರವನ್ನು ನಗಿಸಿದ. ಜೇನ್ ಆಸ್ಟಿನ್‌ಳ ಕಾದಂಬರಿ ‘ನಾರ್ಥ್ಯಾಂಗರ್ ಅಬೆ’ಯಲ್ಲಿ, ಹಳೆಯ ಮಠದ ಭವ್ಯ ಅಗ್ಗಿಷ್ಟಿಕೆಯನ್ನು ಕಾಣಲು ಹಂಬಲಿಸಿ ಬಂದ ನಾಯಕಿಗೆ ಎದುರಾಗುವುದು ಕಿರಿದಾದ ರಮ್‌ಫೋರ್ಡ್ ಗೂಡು. ವ್ಯಕ್ತಿಯ ಹೆಸರು ವಸ್ತುವಿನ ಹೆಸರಾಗುವಷ್ಟು ಅದು ಮನೆಮಾತಾಗಿತ್ತು.

ಈ ಗೆಲುವಿನ ಕಾರಣಗಳು ಸರಳ. ಕೆಲಸ ಸ್ಥಳೀಯ ಗಾರೆಯವನ ಕೈಗೆ ನಿಲುಕುವಂಥದು, ಖರ್ಚು ಅಲ್ಪ. ಹೊಗೆ ನಿಂತದ್ದು ಮೊದಲ ಸಂಜೆಯೇ ಕಣ್ಣಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಯಾವ ಲೆಕ್ಕದ ಸಾಕ್ಷಿಯೂ ಬೇಕಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಂಗ್ಲೆಂಡಿನ ಮನೆಗಳಿಗೆ ಪ್ರಾಣಪ್ರಿಯವಾಗಿದ್ದ ಕಣ್ಣೆದುರಿನ ಉರಿ ಹಾಗೆಯೇ ಉಳಿದಿತ್ತು. ಮುಚ್ಚಿದ ಒಲೆ ಇನ್ನೂ ಕಡಿಮೆ ಇಂಧನದಲ್ಲಿ ಕೋಣೆಯನ್ನು ಬೆಚ್ಚಗಿಡುತ್ತದೆಂದು ರಮ್‌ಫೋರ್ಡ್‌ನಿಗೆ ಗೊತ್ತಿತ್ತು. ಆದರೂ ಜನರು ಉರಿಯನ್ನು ನೋಡುತ್ತ ಕೂರಲು ಬಯಸುತ್ತಾರೆಂಬುದನ್ನು ಒಪ್ಪಿಕೊಂಡೇ ಆತ ಗೂಡನ್ನು ತಿದ್ದಿದ. ಮನೆಯವರ ಅಭ್ಯಾಸ ಬದಲಾಗಲಿಲ್ಲ. ಅವರ ಕಷ್ಟ ಮಾತ್ರ ಕಳೆಯಿತು.

ಅಡುಗೆಯವಳು ಒಪ್ಪದ ಒಲೆ

ಅಡುಗೆ ಒಲೆಯ ಕಥೆ ಬೇರೆಯಾಯಿತು. ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಉದ್ದನೆಯ ಕಬ್ಬಿಣದ ಜಾಲರಿಯ ಮೇಲೆ ಇದ್ದಲಿನ ರಾಶಿ ಬೆಳಗಿನಿಂದ ರಾತ್ರಿಯವರೆಗೆ ಧಗಧಗಿಸುತ್ತಿತ್ತು. ಚಹಾದ ನೀರು ಕಾಯಿಸಲು ಅಲ್ಲಿ ಸುಡುವ ಇಂಧನದಲ್ಲಿ ಐವತ್ತು ಜನರ ಊಟವನ್ನೇ ಬೇಯಿಸಬಹುದೆಂಬುದು ರಮ್‌ಫೋರ್ಡ್‌ನ ಅಂದಾಜು. ಅದರ ಬದಲು ಆತ ಸೂಚಿಸಿದ್ದು ಇಟ್ಟಿಗೆಯ ಉದ್ದನೆಯ ಕಟ್ಟೆ. ಅದರಲ್ಲಿ ಒಂದೊಂದು ಪಾತ್ರೆಗೆ ಒಂದೊಂದು ಗುಂಡಿ. ಒಂದೊಂದು ಗುಂಡಿಗೆ ಪ್ರತ್ಯೇಕ ಪುಟ್ಟ ಬೆಂಕಿ, ಪ್ರತ್ಯೇಕ ಬಾಗಿಲು, ಪ್ರತ್ಯೇಕ ಗಾಳಿಯ ತಡೆ. ಬೇಕಾದಷ್ಟೇ ಬೆಂಕಿ, ಬೇಕಾದಷ್ಟೇ ಹೊತ್ತು. ಮಾಂಸ ಸುಡಲು ಬಿಸಿಗಾಳಿ ಹಾಯುವ ಕಬ್ಬಿಣದ ರೋಸ್ಟರ್ ಬೇರೆ. ಆಲೂಗಡ್ಡೆ ಒಣಗಿಸುವ ಯಂತ್ರದಲ್ಲಿ ಇರಿಸಿದ್ದ ಕುರಿಮಾಂಸ ಮಂದ ಶಾಖದಲ್ಲಿ ರಾತ್ರಿಯಿಡೀ ಬೆಂದು, ಬೆಳಗ್ಗೆ ಬೆಣ್ಣೆಯಂತೆ ಮೆತ್ತಗಾಗಿದ್ದುದನ್ನು ಮ್ಯೂನಿಕ್ಕಿನಲ್ಲಿ ಆಕಸ್ಮಿಕವಾಗಿ ಕಂಡಿದ್ದ ಆತನಿಗೆ ಮಂದ ಉರಿಯ ಮಹಿಮೆಯಲ್ಲಿ ಅಚಲ ವಿಶ್ವಾಸವಿತ್ತು.

ದೊಡ್ಡ ಸಂಸ್ಥೆಗಳಲ್ಲಿ ಈ ಒಲೆ ಗೆದ್ದಿತು. ಇಟಲಿಯ ವೆರೋನಾ ನಗರದ ಆಸ್ಪತ್ರೆಗಳ ಅಡುಗೆಮನೆಗಳನ್ನು ಆತ ಮೊದಲೇ ಪುನಃ ಕಟ್ಟಿಸಿದ್ದ. ಲಂಡನ್ನಿನ ಅನಾಥ ಶಿಶುಗಳ ಆಶ್ರಯಧಾಮವಾಗಿದ್ದ ಫೌಂಡ್ಲಿಂಗ್ ಆಸ್ಪತ್ರೆಯ ಅಡುಗೆಮನೆ 1796ರಲ್ಲಿ ಆತನ ನಕ್ಷೆಯಂತೆ ಬದಲಾಯಿತು. ಅಮೆರಿಕದ ಪೋರ್ಟ್ಸ್‌ಮತ್ ಪಟ್ಟಣದಲ್ಲಿ 1807ರಲ್ಲಿ ಕಟ್ಟಿದ ವರ್ತಕನೊಬ್ಬನ ಮನೆಯಲ್ಲಿ ಅಂತಹ ಒಲೆ ಮತ್ತು ರೋಸ್ಟರನ್ನು ಇಂದಿಗೂ ಕಾಣಬಹುದು. ಆದರೆ ಸಾಮಾನ್ಯ ಮನೆಗಳು ಅದನ್ನು ತಮ್ಮದಾಗಿಸಿಕೊಳ್ಳಲಿಲ್ಲ.

ಕಟ್ಟೆಗೆ ಜಾಗ ಬೇಕಿತ್ತು. ಅದು ಚಿಕ್ಕ ಅಡುಗೆಮನೆಯಲ್ಲಿರಲಿಲ್ಲ. ಗುಂಡಿಯ ಅಳತೆಗೆ ಸರಿಹೊಂದುವ ಪಾತ್ರೆಗಳು ಬೇಕಿದ್ದವು. ಮನೆಯಲ್ಲಿದ್ದ ಪಾತ್ರೆಗಳು ಬೇರೆ ಅಳತೆಯವು. ಐದಾರು ಬೆಂಕಿಗಳನ್ನು ಏಕಕಾಲಕ್ಕೆ ಹೊತ್ತಿಸಿ, ಪ್ರತಿಯೊಂದರ ಬಾಗಿಲು, ತಡೆಗಳನ್ನು ನೋಡಿಕೊಳ್ಳುವ ವ್ಯವಧಾನ ಒಬ್ಬಳೇ ಅಡುಗೆಯವಳಿಗೆ ಎಲ್ಲಿಂದ ಬರಬೇಕು? ಹಳೆಯ ಒಲೆಯ ದೊಡ್ಡ ಉರಿ ಇಂಧನ ತಿನ್ನುತ್ತಿತ್ತು, ನಿಜ. ಆದರೆ ಅದೇ ಉರಿ ನೀರು ಕಾಯಿಸುತ್ತಿತ್ತು, ಒದ್ದೆ ಬಟ್ಟೆ ಒಣಗಿಸುತ್ತಿತ್ತು, ಅಡುಗೆಮನೆಯನ್ನು ಬೆಚ್ಚಗಿಡುತ್ತಿತ್ತು, ಬೆಳಕನ್ನೂ ಕೊಡುತ್ತಿತ್ತು. ಉರಿಯ ಎದುರು ತಿರುಗಿಸುತ್ತ ಸುಟ್ಟ ಮಾಂಸಕ್ಕೆ ಸಮನಾದ ರುಚಿ ಮುಚ್ಚಿದ ಪೆಟ್ಟಿಗೆಯಲ್ಲಿ ಬೆಂದದ್ದಕ್ಕೆ ಇಲ್ಲವೆಂದು ಇಂಗ್ಲೆಂಡಿನ ಅನೇಕ ಮನೆಗಳು ಬಹುಕಾಲ ನಂಬಿದ್ದವು. ಇದ್ದಲಿನ ಹಣ ಕೊಡುತ್ತಿದ್ದವನು ಯಜಮಾನ, ಒಲೆಯೆದುರು ನಿಲ್ಲುತ್ತಿದ್ದವಳು ಕೆಲಸದಾಕೆ. ಉಳಿತಾಯ ಅವನದು, ಹೊಸ ಕಷ್ಟ ಅವಳದು. ಅವಳ ಹಿಂಜರಿಕೆ ರಮ್‌ಫೋರ್ಡ್‌ನಿಗೆ ಅಜ್ಞಾನ ಮತ್ತು ಹಟಮಾರಿತನವಾಗಿ ಕಂಡಿತು.

1802ರಲ್ಲಿ ಎಕ್ಸೆಟರ್ ಪಟ್ಟಣದ ಜಾರ್ಜ್ ಬಾಡ್ಲಿ ಎಂಬಾತ ಎರಕದ ಕಬ್ಬಿಣದ ಮುಚ್ಚಿದ ಒಲೆಯೊಂದಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಬೆಂಕಿ ಒಂದೇ. ಮೇಲೆ ಚಪ್ಪಟೆಯಾದ ಕಬ್ಬಿಣದ ಹಲಗೆ. ಅದರ ಮೇಲೆ ಯಾವ ಅಳತೆಯ ಪಾತ್ರೆಯನ್ನಾದರೂ ಇಡಬಹುದಿತ್ತು, ಸರಿಸಬಹುದಿತ್ತು. ಇಂಧನದ ಮಿತವ್ಯಯದಲ್ಲಿ ಅದು ರಮ್‌ಫೋರ್ಡ್ ಒಲೆಗೆ ಸಾಟಿಯಲ್ಲದಿರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಅಡುಗೆಮನೆಗಳಲ್ಲಿ ಬೆಳೆದು ನಿಂತದ್ದು ಆ ಜಾತಿಯ ಒಲೆಯೇ.

ತನ್ನ ಒಲೆಗಳಿಗೆ ರಮ್‌ಫೋರ್ಡ್ ಪೇಟೆಂಟ್ ಪಡೆಯಲಿಲ್ಲ. ಅವು ಎಲ್ಲರಿಗೂ ಸೇರಬೇಕೆಂಬುದು ಆತನ ನಿಲುವು. ಇದರಿಂದ ವಿಚಾರ ಬೇಗ ಹರಡಿತು. ಜೊತೆಗೆ ಆತನ ಹೆಸರು ಹೊತ್ತ ಕಳಪೆ ನಕಲುಗಳೂ ಹರಡಿ, ಅವುಗಳ ದೋಷವೂ ಆತನ ತಲೆಗೇ ಬಂತು.

ಫಿರಂಗಿ ಮತ್ತು ಮಾದರಿ ಅಡುಗೆಮನೆ

1796ರಲ್ಲಿ ಅಮೆರಿಕದಿಂದ ಮಗಳು ಸಾರಾ ಲಂಡನ್ನಿಗೆ ಬಂದಳು. ಶಿಶುವಾಗಿದ್ದಾಗ ಬಿಟ್ಟುಬಂದ ಮಗಳನ್ನು ತಂದೆ ಇಪ್ಪತ್ತು ವರ್ಷಗಳ ಬಳಿಕ ಕಂಡ. ಅದೇ ವರ್ಷ ಫ್ರಾನ್ಸ್ ಮತ್ತು ಆಸ್ಟ್ರಿಯಾ ಸೇನೆಗಳ ನಡುವೆ ಸಿಕ್ಕಿಕೊಂಡ ಮ್ಯೂನಿಕ್ಕಿನ ರಕ್ಷಣೆಗೆ ಆತ ಮರಳಬೇಕಾಯಿತು, ಮಗಳೂ ಜೊತೆಗೂಡಿದಳು. ಅಲ್ಲಿನ ಶಸ್ತ್ರಾಗಾರದಲ್ಲಿ ಹಿತ್ತಾಳೆಯ ಫಿರಂಗಿ ಕೊರೆಯುವಾಗ ಹುಟ್ಟುತ್ತಿದ್ದ ಅಪಾರ ಶಾಖ ಆತನ ಗಮನ ಸೆಳೆಯಿತು. ಫಿರಂಗಿಯ ಲೋಹವನ್ನು ನೀರಿನಲ್ಲಿ ಮುಳುಗಿಸಿ, ಮೊಂಡು ಬೈರಿಗೆಯಿಂದ ಕುದುರೆಗಳ ಬಲದಲ್ಲಿ ಉಜ್ಜಿಸಿದಾಗ, ಬೆಂಕಿಯ ಸೋಂಕಿಲ್ಲದೆ ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ನೆರೆದವರು ಬೆರಗಾದರು. ಉಜ್ಜಿದಷ್ಟೂ ಶಾಖ ಬರುತ್ತಲೇ ಇರುವುದರಿಂದ ಅದು ಲೋಹದಲ್ಲಿ ಅಡಗಿದ್ದ ದ್ರವವಾಗಿರಲು ಸಾಧ್ಯವಿಲ್ಲ, ಚಲನೆಯೇ ಶಾಖವಾಗಿರಬೇಕು ಎಂದು 1798ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ ಆತ ವಾದಿಸಿದ.

1799ರಲ್ಲಿ ಲಂಡನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಸ್ಥಾಪನೆಯಾದದ್ದು ಬಹುಮಟ್ಟಿಗೆ ಆತನ ಶ್ರಮದಿಂದ. ವಿಜ್ಞಾನವನ್ನು ದಿನಬಳಕೆಗೆ ತರುವುದು ಅದರ ಉದ್ದೇಶವಾಗಿತ್ತು. ಒಲೆಗಳ ಮಾದರಿಗಳನ್ನು ಜನ ಬಂದು ನೋಡಬೇಕು, ಕುಶಲಕರ್ಮಿಗಳು ಕಲಿತು ಹೋಗಬೇಕೆಂಬುದು ಆತನ ಕನಸು. ಅಲ್ಲೊಂದು ಮಾದರಿ ಅಡುಗೆಮನೆಯೂ ಸಿದ್ಧವಾಯಿತು. 1801ರಲ್ಲಿ ಹಂಫ್ರಿ ಡೇವಿ ಎಂಬ ತರುಣನನ್ನು ಅಲ್ಲಿಗೆ ಕರೆತಂದವನೂ ಆತನೇ. ಆದರೆ ಡೇವಿಯ ಮೋಹಕ ಉಪನ್ಯಾಸಗಳಿಗೆ ಗಣ್ಯರು ಮುಗಿಬಿದ್ದಂತೆ ಒಲೆ, ಕುಶಲಕರ್ಮಿಗಳ ಯೋಜನೆ ಹಿಂದೆ ಸರಿಯಿತು. ಸಹೋದ್ಯೋಗಿಗಳೊಂದಿಗೆ ಹೊಂದಿಕೊಳ್ಳುವುದು ಆತನ ಸ್ವಭಾವದಲ್ಲೇ ಇರಲಿಲ್ಲ. 1802ರಲ್ಲಿ ಆತ ಲಂಡನ್ ತೊರೆದ. ಮುಂದೆ ಮೈಕೆಲ್ ಫ್ಯಾರಡೆ ಬೆಳೆದದ್ದು ಇದೇ ಸಂಸ್ಥೆಯಲ್ಲಿ.

ಬಿಸಿನೀರು ಬಿದ್ದ ಹೂಗಿಡಗಳು

ಪ್ಯಾರಿಸ್ಸಿನಲ್ಲಿ ರಮ್‌ಫೋರ್ಡ್‌ನ ಮನ ಗೆದ್ದವಳು ಮೇರಿ ಆನ್. ಈಕೆ ಆಧುನಿಕ ರಸಾಯನಶಾಸ್ತ್ರದ ಪಿತಾಮಹನೆನಿಸಿದ, 1794ರಲ್ಲಿ ಕ್ರಾಂತಿಕಾರಿಗಳ ಗಿಲೊಟಿನ್‌ಗೆ ಬಲಿಯಾದ ಲವಾಸಿಯೇಯ ಪತ್ನಿ. ಶಾಖವೊಂದು ದ್ರವವೆಂಬ ಸಿದ್ಧಾಂತಕ್ಕೆ ಹೆಸರು ಕೊಟ್ಟವನು ಲವಾಸಿಯೇ. ಅದನ್ನು ಅಲುಗಾಡಿಸಿದವನು ರಮ್‌ಫೋರ್ಡ್. 1805ರಲ್ಲಿ ಇವರ ವಿವಾಹವಾಯಿತು.

ದಾಂಪತ್ಯ ಹೆಚ್ಚು ಕಾಲ ಬಾಳಲಿಲ್ಲ. ಆಕೆಗೆ ಅತಿಥಿಗಳು, ಔತಣ, ಸಂಭಾಷಣೆ ಪ್ರಿಯ. ಆತನಿಗೆ ಮೌನ, ಅಚ್ಚುಕಟ್ಟು, ಪ್ರಯೋಗ ಪ್ರಿಯ. ಒಮ್ಮೆ ಆಕೆ ತನಗೆ ತಿಳಿಸದೆ ಅತಿಥಿಗಳನ್ನು ಕರೆದಳೆಂದು ಸಿಟ್ಟಾದ ರಮ್‌ಫೋರ್ಡ್ ಹೊರಬಾಗಿಲಿಗೆ ಬೀಗ ಹಾಕಿಸಿ ಕೀಲಿಕೈ ಇಟ್ಟುಕೊಂಡ. ಬಂದವರೊಡನೆ ಆಕೆ ಗೋಡೆಯ ಮೇಲಿಂದ ಮಾತನಾಡಬೇಕಾಯಿತು. ನಂತರ ಆಕೆ ಕೆಟಲಿನಲ್ಲಿ ಕುದಿಯುವ ನೀರು ತಂದು, ಆತ ಅಕ್ಕರೆಯಿಂದ ಬೆಳೆಸಿದ್ದ ಹೂಗಿಡಗಳ ಮೇಲೆ ಸುರಿದಳು. ಜಗತ್ತಿನ ಮನೆಗಳಿಗೆ ಒಲೆಯ ಸೂತ್ರ ಬರೆದುಕೊಟ್ಟವನ ಸ್ವಂತ ಮನೆಯಲ್ಲಿ ಬಿಸಿನೀರಿಗೆ ಸಿಕ್ಕ ಉಪಯೋಗ ಇದು. 1809ರಲ್ಲಿ ಇಬ್ಬರೂ ಬೇರ್ಪಟ್ಟರು.

ಕೊನೆಯ ವರ್ಷಗಳನ್ನು ಆತ ಪ್ಯಾರಿಸ್ ಸಮೀಪದ ಓತೈ ಗ್ರಾಮದಲ್ಲಿ ಕಳೆದ. ಕಾಫಿ ಸೋಸುವ ಪಾತ್ರೆಯ ಬಗ್ಗೆ ಪ್ರಬಂಧ ಬರೆದ, ದೀಪಗಳನ್ನು ಸುಧಾರಿಸಿದ, ಬಿಳಿ ಬಣ್ಣ ಮೈಯ ಶಾಖವನ್ನು ಕಾಯುತ್ತದೆಂಬ ನಂಬಿಕೆಯಿಂದ ಚಳಿಗಾಲದಲ್ಲಿ ಬಿಳಿಯ ಉಡುಪು ತೊಟ್ಟು ಓಡಾಡಿ ನೋಡಿದವರಿಗೆ ವಿಚಿತ್ರವಾಗಿ ಕಂಡ. 1814ರ ಆಗಸ್ಟ್ 21ರಂದು ಅಲ್ಲಿಯೇ ತೀರಿಕೊಂಡ. ಯೌವನದಲ್ಲಿ ಉಪನ್ಯಾಸ ಕೇಳಲು ನಡೆದು ಹೋಗುತ್ತಿದ್ದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕ ಪೀಠವೊಂದಕ್ಕೆ ತನ್ನ ಸಂಪತ್ತಿನ ಪಾಲನ್ನು ಬಿಟ್ಟುಹೋದ. ಮರುವರ್ಷ ಫ್ರಾನ್ಸಿನ ವಿದ್ವತ್ ಸಭೆಯಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಿದ ವಿಜ್ಞಾನಿ ಕುವಿಯೇ, ಜನರಿಗೆ ಇಷ್ಟೊಂದು ಉಪಕಾರ ಮಾಡಿದವನಿಗೆ ಜನರ ಮೇಲೆ ಪ್ರೀತಿ ಇರಲಿಲ್ಲವೆಂಬ ಅರ್ಥದ ಮಾತನಾಡಿದ.

ಕೋಡೊಲೆಯ ನಾಡಿನಲ್ಲಿ

ರಮ್‌ಫೋರ್ಡ್ ಎದುರಿಸಿದ ಪ್ರಶ್ನೆ ಭಾರತಕ್ಕೂ ಬಂತು. 1950ರ ದಶಕದ ಆರಂಭದಲ್ಲೇ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಹೊಗೆರಹಿತ ಅಡುಗೆಮನೆಯ ಮಾದರಿಗಳನ್ನು ರೂಪಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’, 1980ರ ದಶಕದಲ್ಲಿ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಿಗೆ ತಂದಿತು. ಮುಚ್ಚಿದ ಉರಿಗೂಡು, ಅಡಿಯ ಜಾಲರಿ, ಹೊಗೆಕೊಳವೆ, ಅಳೆದು ಬಿಟ್ಟ ಗಾಳಿ: ಮ್ಯೂನಿಕ್ಕಿನ ಗಂಜಿಮನೆಯ ತತ್ತ್ವಗಳೇ ಮಣ್ಣಿನ ರೂಪ ತಳೆದು ಬಂದಂತಿದ್ದವು. ಮಣ್ಣು ಅಗ್ಗ, ಕಟ್ಟುವವರು ಊರಿನವರೇ. ಈ ಒಂದು ಅಂಶದಲ್ಲಿ ಅದು ರಮ್‌ಫೋರ್ಡ್‌ನ ಅಗ್ಗಿಷ್ಟಿಕೆಗೆ ಹತ್ತಿರವಾಗಿತ್ತು.

ಅದೇ ದಶಕದಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆದು, ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳು ಕಟ್ಟಲ್ಪಟ್ಟವು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರು ಹಲವು ವರ್ಷ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದು ಇದೇ ಕಥೆಯನ್ನು ಹೇಳಿತು: ಮೊದಲ ವರ್ಷ ಒಲೆಯಿಂದ ಹೊಗೆ ಕಡಿಮೆಯಾಯಿತು, ಬಳಿಕ ಮನೆಯವರು ಅದನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಲಿಲ್ಲ, ಲಾಭ ಕರಗಿಹೋಯಿತು.

ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಕಿರಿದಾದ ಬಾಯಿಯ ಒಲೆಗೆ ಸೌದೆಯನ್ನು ಸಣ್ಣಗೆ ಸೀಳಬೇಕು. ಆ ಕೆಲಸವೂ ಮನೆಯ ಹೆಣ್ಣಿನ ಪಾಲಿಗೆ. ಹೊಗೆಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಕೋಲಿನಿಂದ ಬಲವಾಗಿ ಮುದ್ದೆ ತೊಳಸುವಾಗ ಪಾತ್ರೆ ಅಲುಗದೆ ನಿಲ್ಲಬೇಕು, ರೊಟ್ಟಿಯ ಹಂಚಿನ ಅಡಿಯ ಉರಿ ಕಣ್ಣಿಗೆ ಕಾಣಬೇಕು. ಕೋಡೊಲೆಯ ಮೇಲೆ ಸಾರು ಬಿಸಿಯಾಗಿರಬೇಕು, ಹಂಡೆಗೆ ನೀರು ಕಾಯಬೇಕು. ಮಲೆನಾಡಿನ ಮನೆಯಲ್ಲಾದರೆ ಮಳೆಗಾಲದಲ್ಲಿ ಅಟ್ಟದ ಮೇಲಿನ ವಸ್ತುಗಳನ್ನು ಹೊಗೆಯೇ ಒಣಗಿಸಿ ಹುಳ ಬೀಳದಂತೆ ಕಾಯಬೇಕು. ಇವೆಲ್ಲವನ್ನೂ ಮಾಡುತ್ತ ಬಂದ ಹಳೆಯ ಒಲೆಯ ಪಕ್ಕದಲ್ಲಿ ಹೊಸದು ಒಂದೆರಡನ್ನು ಮಾತ್ರ ಮಾಡಿದರೆ, ಹಳೆಯದರ ಬೆಂಕಿ ಆರುವುದಿಲ್ಲ. 2016ರ ಉಜ್ವಲ ಯೋಜನೆಯಡಿ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸೌದೆ ಒಲೆಯೂ ಉಳಿದುಕೊಂಡಿತು. ಅಲ್ಲಿ ಸಿಲಿಂಡರ್ ತುಂಬಿಸುವ ಖರ್ಚೂ ಒಂದು ಕಾರಣ.

ಇದು ಕೇವಲ ಅನುಕೂಲದ ಮಾತಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಹೊಗೆಯನ್ನು ಹೆಚ್ಚು ನುಂಗುವವರು ಹೆಂಗಸರು ಮತ್ತು ಅವರ ಮಡಿಲಿನ ಮಕ್ಕಳು.

ರಮ್‌ಫೋರ್ಡ್‌ನ ವಿಜ್ಞಾನ ಅಡುಗೆ ಒಲೆಯಲ್ಲಿ ತಪ್ಪಿರಲಿಲ್ಲ, ಅಳತೆಗಳೂ ಸರಿಯಾಗಿದ್ದವು. ಅಗ್ಗಿಷ್ಟಿಕೆಯನ್ನು ತಿದ್ದುವಾಗ ಆತ ಮನೆಯವರ ಎದುರು ನಿಂತು ಅವರ ಕಣ್ಣುರಿಯನ್ನು ಕಂಡಿದ್ದ. ಅಡುಗೆ ಒಲೆಯ ವಿಷಯದಲ್ಲಿ ಯಜಮಾನನ ಇದ್ದಲಿನ ಲೆಕ್ಕ ಆತನಿಗೆ ಕಂಡಿತು. ಬೆಳಗಿನ ಜಾವ ಎದ್ದು ಬೆಂಕಿ ಹೊತ್ತಿಸುವವಳಿಗೆ ಏನು ಬೇಕೆಂದು ಆತ ಕೇಳಿದಂತೆ ತೋರುವುದಿಲ್ಲ. ಓತೈನ ಸ್ಮಶಾನದಲ್ಲಿ ಆತ ಮಣ್ಣಾಗಿ ಇನ್ನೂರು ವರ್ಷ ಕಳೆದಿದೆ. ಆ ಪ್ರಶ್ನೆಯನ್ನು ಅವಳನ್ನೇ ಕೇಳಿ ಕಟ್ಟಿದ ಒಲೆಗಾಗಿ ಇಂದಿಗೂ ಅನೇಕ ಅಡುಗೆಮನೆಗಳು ಕಾದಿವೆ.